ಶಾಪ ಇರುವುದು ಕಲ್ಲಿನ ಬೆನ್ನಿನ ಮೇಲೆ

ನಮಸ್ಕಾರ. ಇಂಗ್ಲೆಂಡಿನ ಸರ್ರೆ ಸೀಮೆಯ ಹೈಂಡ್‌ಹೆಡ್‌ನಲ್ಲಿ, ಅಲ್ಲಿ ಕೊಲೆಯಾದ ನಾವಿಕನೊಬ್ಬನ ನೆನಪಿಗೆ ನಿಲ್ಲಿಸಿರುವ ‘ನಾವಿಕನ ಕಲ್ಲಿ’ನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ವಸ್ತು ಬಹಳ ಚೆನ್ನಾಗಿದೆ, ತಿದ್ದಿದರೆ ನಿಲ್ಲುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕೊಲೆಯಾದ ನಾವಿಕನಿಗೆ ನೀವು ಹೆಸರಿಟ್ಟಿದ್ದೀರಿ, ಸಾಯುವ ಹೊತ್ತಿನ ಮಾತನ್ನೂ ಅವನ ಬಾಯಲ್ಲಿ ಆಡಿಸಿದ್ದೀರಿ. ಎರಡನ್ನೂ ತೆಗೆಯಿರಿ. ಕಲ್ಲಿನಲ್ಲಿ ಕೆತ್ತಿರುವುದು ‘ಅಪರಿಚಿತ ನಾವಿಕ’ ಎಂದಷ್ಟೇ. ಥರ್ಸ್ಲಿ ಚರ್ಚಿನ ಆವರಣದಲ್ಲಿ ಅವನ ಗೋರಿಕಲ್ಲಿದೆ. ಮೂವರು ಅವನ ಮೇಲೆರಗುತ್ತಿರುವ ದೃಶ್ಯವನ್ನೇ ಅದರ ಮೇಲೆ ಕಡೆದಿದ್ದಾರೆ. ಹೆಸರೇ ಗೊತ್ತಿಲ್ಲದವನ ಸಾವನ್ನು ಕಲ್ಲಿನಲ್ಲಿ ಕೆತ್ತಿಸಿದರಲ್ಲ, ಕಥೆಯ ಕರುಳು ಅದು. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ. ಅಲ್ಲಿಂದಲೇ ಶುರು ಮಾಡಿ.

ಕೊಲೆ ನಡೆದದ್ದು 1786ರ ಸೆಪ್ಟೆಂಬರ್ 24ರಂದು. ಹೆಂಡಕ್ಕೆ ದುಡ್ಡು ಕೊಟ್ಟವನನ್ನೇ ಪೋರ್ಟ್ಸ್‌ಮತ್ ರಸ್ತೆಯಲ್ಲಿ ಕೊಂದು ಬಟ್ಟೆ ಬಿಚ್ಚಿಕೊಂಡರು. ಅದನ್ನು ಮಾರಲು ಹೋಗಿ ಅದೇ ದಿನ ರೇಕ್ ಎಂಬಲ್ಲಿ ಸಿಕ್ಕಿಬಿದ್ದರು. ‘ಸರಪಳಿಯಲ್ಲಿ ನೇತಾಡುತ್ತಾ ನರಳಿ ಸತ್ತರು’ ಎಂದು ಬರೆದಿದ್ದೀರಿ. ಅದು ತಪ್ಪು. ಮೂವರನ್ನೂ 1787ರ ಏಪ್ರಿಲ್ 7ರಂದು ಗಲ್ಲಿಗೇರಿಸಿದರು. ಸರಪಳಿಯಲ್ಲಿ ತೂಗುಹಾಕಿದ್ದು ಹೆಣಗಳನ್ನು. ಹತ್ತಿರದ ಗುಡ್ಡಕ್ಕೆ ಗಿಬೆಟ್ ಹಿಲ್, ಅಂದರೆ ಹೆಣ ತೂಗುಹಾಕುವ ಕಂಬದ ಗುಡ್ಡ, ಎಂಬ ಹೆಸರೂ ಆ ಗುಡ್ಡದ ಮೇಲಿನ ಹೆದರಿಕೆಯೂ ಬಂದದ್ದು ಅದರಿಂದ. ಆ ಹೆದರಿಕೆ ಹೋಗಲೆಂದೇ ನ್ಯಾಯಾಧೀಶ ಸರ್ ವಿಲಿಯಂ ಅರ್ಲ್ 1851ರಲ್ಲಿ ಅಲ್ಲಿ ಗ್ರಾನೈಟ್ ಶಿಲುಬೆ ನಿಲ್ಲಿಸಿದರು ಎನ್ನುತ್ತಾರೆ. ‘ಎನ್ನುತ್ತಾರೆ’ ಎಂಬ ಮಾತನ್ನು ನೀವು ಎಲ್ಲೂ ಬಳಸಿಲ್ಲ. ಕೇಳಿದ್ದು ಯಾವುದು, ಕೆತ್ತಿದ್ದು ಯಾವುದು ಎಂದು ಓದುಗರಿಗೆ ಗೊತ್ತಾಗಬೇಕಲ್ಲ.

ಇನ್ನು ಶಾಪ. ಅದು ನೀವು ಬರೆದ ಹಾಗೆ ಕೊಲೆಗಾರರ ಮೇಲಿನದಲ್ಲ. ಕಲ್ಲಿನ ಹಿಂಬದಿಯಲ್ಲಿ ಬರೆದಿರುವುದು, ಈ ಕಲ್ಲಿಗೆ ಹಾನಿ ಮಾಡಿದವನಿಗೆ, ಇದನ್ನು ಕದಲಿಸಿದವನಿಗೆ ಶಾಪ ತಟ್ಟಲಿ ಎಂದು. ಆದರೂ ರಸ್ತೆ ಬದಲಾದ ಮೇಲೆ ಕಲ್ಲನ್ನು ಕದಲಿಸಿದರು! ಅದೇ ಹಿಂಬದಿಯಲ್ಲಿ, ಜೇಮ್ಸ್ ಸ್ಟಿಲ್‌ವೆಲ್ ಇದನ್ನು ನಿಲ್ಲಿಸಿದ್ದು 1786ರಲ್ಲಿ ಎಂದಿದೆ. ಮುಂಬದಿಯಲ್ಲಿ ನೋಡಿದರೆ ಕೊಲೆಗಾರರನ್ನು ಸರಪಳಿಯಲ್ಲಿ ತೂಗುಹಾಕಿದ ಮಾತಿದೆ, ಅದು ನಡೆದದ್ದೋ 1787ರಲ್ಲಿ. ಕಲ್ಲಿನ ಬರಹವನ್ನೂ ತಾಳೆ ನೋಡಬೇಕಾಗುತ್ತದೆ. ಈ ಎರಡು ಸಂಗತಿಗೆ ಒಂದಿಡೀ ಪುಟ ಕೊಡಿ.

ನಡುರಾತ್ರಿಯ ದೆವ್ವದ ಮೂರು ಪ್ಯಾರಾ ಪೂರ್ತಿ ಹೋಗಲಿ. ಪಕ್ಕದ ಡೆವಿಲ್ಸ್ ಪಂಚ್ ಬೌಲ್ ಕಣಿವೆಯನ್ನು ಸೈತಾನ ತೋಡಿದ ಎಂಬ ಕಥೆ ಇರಲಿ, ಆದರೆ ಒರತೆಯ ನೀರು ಮರಳುಗಲ್ಲನ್ನು ಬುಡದಲ್ಲಿ ಕೊರೆದು ಆದದ್ದು ಎಂದೂ ಒಂದು ಸಾಲು ಸೇರಿಸಿ. ತಿದ್ದಿದ ಪ್ರತಿಯನ್ನು ನನಗೇ ಕಳಿಸಿ.