ಲಗಾಮಿನ ಉಪಮೆ ಬಿಟ್ಟು ಬರೆಯಿರಿ

ನಮಸ್ಕಾರ.

ಮಿದುಳಿನ ಮುಂಭಾಗವಾದ ಪ್ರಿಫ್ರಂಟಲ್ ಕಾರ್ಟೆಕ್ಸ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಓದು ಎಲ್ಲೂ ಎಡವುವುದಿಲ್ಲ. ಆದರೆ ಎರಡನೇ ಪ್ಯಾರಾದ ಒಂದು ಸಾಲು ನನ್ನನ್ನು ಕೆಣಕಿತು. ಅದನ್ನು ಉಳಿಸಿಕೊಂಡು ಲೇಖನ ಪ್ರಕಟಿಸಲಾರೆ.

"ಭಾವನೆಯೆಂಬ ಹುಚ್ಚು ಕುದುರೆಗೆ ವಿವೇಕದ ಲಗಾಮು ಹಾಕುವುದೇ ಹಣೆಯ ಹಿಂದಿರುವ ಈ ಭಾಗದ ಕೆಲಸ."

ಸಾಲು ಚೆನ್ನಾಗಿದೆ. ಓದುಗರ ಮನಸ್ಸಿನಲ್ಲಿ ಉಳಿಯುವುದೂ ಇದೇ, ಅದಕ್ಕೇ ನನಗೆ ಚಿಂತೆ. ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ, ದೇಹದ ಅಂಗಕ್ಕೆ ಉಪಮೆ ಕೊಟ್ಟ ಕಡೆಯೆಲ್ಲ ಅಂಚಿನಲ್ಲಿ ಎರಡು ಪ್ರಶ್ನೆ ಬರೆಯಬೇಕಿತ್ತು: ಈ ಅಂಗ ಕೆಟ್ಟರೆ ಉಪಮೆಯ ಪ್ರಕಾರ ಏನಾಗಬೇಕು? ನಿಜಕ್ಕೂ ಏನಾಗುತ್ತದೆ? ನಿಮ್ಮ ಸಾಲಿಗೂ ಅದನ್ನೇ ಕೇಳೋಣ. ಲಗಾಮು ಹರಿದರೆ ಕುದುರೆ ದಿಕ್ಕೆಟ್ಟು ಓಡಬೇಕು. ಭಾವನೆ ಉಕ್ಕಿ, ಆ ಉಕ್ಕಿನಲ್ಲೇ ನಿರ್ಧಾರ ಕೆಡಬೇಕು.

ಈಗ 1994ರಲ್ಲಿ ನರವಿಜ್ಞಾನಿಗಳಾದ ಬೆಚಾರ, ಡಮಾಸಿಯೊ ಮತ್ತು ಸಂಗಡಿಗರು ಪ್ರಕಟಿಸಿದ ಅಯೋವಾ ಜೂಜಿನ ಪರೀಕ್ಷೆ ನೋಡಿ. ಆಟಗಾರನ ಮುಂದೆ ಇಸ್ಪೀಟ್ ಎಲೆಗಳ ನಾಲ್ಕು ಕಟ್ಟು, ಕೈಯಲ್ಲಿ 2000 ಡಾಲರಿನ ಆಟದ ಹಣ. ಎರಡು ಕಟ್ಟುಗಳಲ್ಲಿ ಎಲೆಯೊಂದಕ್ಕೆ 100 ಡಾಲರ್ ಲಾಭ. ಆದರೆ ಹತ್ತು ಎಲೆ ಎತ್ತುವಷ್ಟರಲ್ಲಿ 1250 ದಂಡ ಬಿದ್ದು, ನಿವ್ವಳ 250 ನಷ್ಟ. ಉಳಿದೆರಡರಲ್ಲಿ ಎಲೆಗೆ 50 ಮಾತ್ರ, ದಂಡವೂ ಸಣ್ಣದು. ಹತ್ತು ಎಲೆಗೆ 250 ಉಳಿಯುತ್ತದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆಡುತ್ತಾ ಕಲಿಯಬೇಕು. ಒಟ್ಟು 100 ಎಲೆ. ಆರೋಗ್ಯವಂತರು ಮೊದಲು ದೊಡ್ಡ ಲಾಭದ ಕಡೆ ವಾಲಿ, ನಿಧಾನಕ್ಕೆ ಒಳ್ಳೆಯ ಕಟ್ಟುಗಳಿಗೆ ಹೊರಳಿದರು. ಪ್ರಿಫ್ರಂಟಲ್ ಕಾರ್ಟೆಕ್ಸಿನ ಕೆಳ-ನಡುಭಾಗಕ್ಕೆ ಪೆಟ್ಟಾದವರು ಕೆಟ್ಟ ಕಟ್ಟುಗಳನ್ನು ಬಿಡಲಿಲ್ಲ.

ಇಲ್ಲಿಯವರೆಗೂ ನಿಮ್ಮ ಲಗಾಮು ನಿಲ್ಲುತ್ತದೆ. ಅದು ಬೀಳುವುದು 1996ರಲ್ಲಿ ಇದೇ ತಂಡ ಪ್ರಕಟಿಸಿದ ಬೆವರಿನ ಅಳತೆಯಲ್ಲಿ. ಉದ್ವೇಗವಾದಾಗ ಅಂಗೈ ಬೆವರಿ ಚರ್ಮದ ವಿದ್ಯುತ್ ವಾಹಕತೆ ಏರುತ್ತದೆ. ಆರೋಗ್ಯವಂತರಲ್ಲಿ ಕೆಟ್ಟ ಕಟ್ಟಿನಿಂದ ಎಲೆ ಎತ್ತುವ ಮೊದಲೇ ಇದು ಏರತೊಡಗಿತು. ಪೆಟ್ಟಾದವರಲ್ಲಿ ದಂಡ ಬಿದ್ದ ಮೇಲೆ ಏರುತ್ತಿತ್ತು. ಎತ್ತುವ ಮುಂಚೆ ಇಲ್ಲ. ನೋವು ಅವರಿಗೆ ಆಗುತ್ತಿತ್ತು, ಅದು ಮುಂದಿನ ಆಯ್ಕೆಗೆ ಎಚ್ಚರಿಕೆಯಾಗಿ ಒದಗುತ್ತಿರಲಿಲ್ಲ. ಭಾವನೆ ಹೆಚ್ಚಾಗಿ ನಿರ್ಧಾರ ಕೆಡಲಿಲ್ಲ, ಬೇಕಾದ ಹೊತ್ತಿಗೆ ಬಾರದೆ ಕೆಟ್ಟಿತು. ನಿಮ್ಮ ಸಾಲು ಹೇಳುವುದು ಇದರ ತದ್ವಿರುದ್ಧ.

(ಇದನ್ನು ಸೇರಿಸುವಾಗ "ಮನಸ್ಸಿಗೆ ತಿಳಿಯುವ ಮೊದಲೇ ಮೈಗೆ ತಿಳಿಯಿತು" ಎಂದು ಬರೆಯಬೇಡಿ. ಯಾವ ಕಟ್ಟು ಒಳ್ಳೆಯದೆಂದು ಆಟಗಾರರಿಗೆ ಸಾಕಷ್ಟು ಬೇಗ ಗೊತ್ತಿರುತ್ತದೆಂದು ಮಾಯಾ ಮತ್ತು ಮೆಕ್‌ಕ್ಲೆಲ್ಯಾಂಡ್ 2004ರಲ್ಲಿ ತೋರಿಸಿದ್ದಾರೆ.)

ತಡೆಯುವ ಕೆಲಸವೇ ಅಲ್ಲಿಲ್ಲ ಎನ್ನುತ್ತಿಲ್ಲ. ಪ್ರಿಫ್ರಂಟಲ್ ಕಾರ್ಟೆಕ್ಸಿನದೇ ಬೇರೆ ಭಾಗಗಳು ಗುರಿಯನ್ನು ನೆನಪಿನಲ್ಲಿ ಹಿಡಿದು, ಒಗ್ಗಿದ ಪ್ರತಿಕ್ರಿಯೆಯನ್ನು ತಡೆಯುತ್ತವೆ. ತಡೆಯುವ ಕೆಲಸದ ಬಗ್ಗೆ ಬರೆಯುವುದಾದರೆ ಆ ಭಾಗದ ಹೆಸರು ಹೇಳಿ ಬರೆಯಿರಿ.

ಇದೇ ಉಪಮೆ ಕಲಿಕೆಯ ಪ್ಯಾರಾವನ್ನೂ ಕೆಡಿಸಿದೆ: "ಬೇಡದ ಭಯವನ್ನು ಅದು ಅಳಿಸಿಹಾಕುತ್ತದೆ." ಅಳಿಸುವುದಿಲ್ಲ. ಶಬ್ದ ಕೇಳಿಸಿ ಇಲಿಗೆ ಕರೆಂಟಿನ ಶಾಕ್ ಕೊಟ್ಟರೆ, ಮುಂದೆ ಬರೀ ಶಬ್ದಕ್ಕೇ ಮೈ ಮರಗಟ್ಟಿ ನಿಲ್ಲುತ್ತದೆ. ಶಾಕ್ ಇಲ್ಲದೆ ಶಬ್ದವನ್ನು ಮತ್ತೆ ಮತ್ತೆ ಕೇಳಿಸಿದರೆ ಭಯ ಇಳಿಯುತ್ತದೆ. ಕೆಲ ದಿನ ಬಿಟ್ಟು ಅಥವಾ ಬೇರೆ ಗೂಡಿನಲ್ಲಿ ಅದೇ ಶಬ್ದ ಕೇಳಿಸಿ ನೋಡಿ, ಭಯ ಮರಳುತ್ತದೆ. ಹಳೆಯ ಪಾಠ ಉಳಿದಿರುತ್ತದೆ. "ಈಗ ಅಪಾಯವಿಲ್ಲ" ಎಂಬ ಹೊಸ ಪಾಠ ಅದರ ಮೇಲೆ ಕೂತಿರುತ್ತದೆ. ಆ ಹೊಸ ಪಾಠ ನೆನಪಾಗುವ ಹೊತ್ತಿಗೆ ಇಲಿಯ ಪ್ರಿಫ್ರಂಟಲ್ ನಡುಭಾಗದ ನರಕೋಶಗಳು ಚುರುಕಾಗುತ್ತವೆಂದು ಮಿಲಾದ್ ಮತ್ತು ಕ್ವಿರ್ಕ್ 2002ರಲ್ಲಿ ವರದಿ ಮಾಡಿದರು. ಭಯಕ್ಕೆ ಚಿಕಿತ್ಸೆ ಪಡೆದವರಿಗೆ ಅದು ಮರಳಿದಾಗ ತಾವು ಸೋತೆವು ಅನಿಸುತ್ತದೆ. ನಿಮ್ಮ "ಅಳಿಸಿಹಾಕುತ್ತದೆ" ಎಂಬ ಪದ ಓದಿದರೆ ಇನ್ನೂ ಹಾಗೇ ಅನಿಸುತ್ತದೆ. ಆ ಒಂದು ಪದಕ್ಕಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ಕೊನೆಗೆ ರೈಲು ಹಳಿ ಕೆಲಸದ ಮೇಸ್ತ್ರಿ ಫಿನಿಯಸ್ ಗೇಜ್. 1848ರ ಸೆಪ್ಟೆಂಬರ್ 13ರಂದು ವರ್ಮಾಂಟಿನಲ್ಲಿ, ಸುಮಾರು 6 ಕಿಲೋ ತೂಕದ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಇದನ್ನು ಸರಿಯಾಗಿಯೇ ಬರೆದಿದ್ದೀರಿ. ಅವನ ಸ್ವಭಾವ ಬದಲಾಯಿತೆಂದು ಚಿಕಿತ್ಸೆ ಮಾಡಿದ ಡಾಕ್ಟರ್ ಹಾರ್ಲೋ ದಾಖಲಿಸಿದ್ದೂ ಹೌದು. ಆದರೆ "ಅಂದಿನಿಂದ ಸಾಯುವವರೆಗೂ ಲಂಗುಲಗಾಮಿಲ್ಲದ ಮೃಗದಂತೆ ಬದುಕಿದ" ಎಂದು ಮುಗಿಸಿದ್ದೀರಿ. ಗೇಜ್ 1852ರಲ್ಲಿ ಚಿಲಿಗೆ ಹೋಗಿ ಹಲವು ವರ್ಷ ಕುದುರೆಗಾಡಿಯ ಕೆಲಸ ಮಾಡಿದ. ಭಾರ ತುಂಬಿದ, ಆರು ಕುದುರೆ ಕಟ್ಟಿದ ಗಾಡಿಯನ್ನು ಆಗಾಗ ಓಡಿಸುತ್ತಿದ್ದನೆಂದು ಹಾರ್ಲೋ 1868ರ ವರದಿಯಲ್ಲೇ ಬರೆದಿದ್ದಾರೆ. ಹೊತ್ತಿಗೆ ಸರಿಯಾಗಿ ಎದ್ದು, ಪ್ರಯಾಣಿಕರನ್ನು ಕೂರಿಸಿಕೊಂಡು, ಆರು ಕುದುರೆಗಳ ಲಗಾಮು ಹಿಡಿದವನು ಮೃಗವಾಗಿರಲಿಲ್ಲ. ಈ ಸಂಗತಿ ಲೇಖನದಲ್ಲಿ ಬರಲೇಬೇಕು.

ಎರಡನೇ ಪ್ಯಾರಾ, ಕಲಿಕೆಯ ಪ್ಯಾರಾ, ಗೇಜ್ ಭಾಗ: ಈ ಮೂರನ್ನು ಹೊಸದಾಗಿ ಬರೆದು ಕಳಿಸಿ. ಉಳಿದದ್ದನ್ನು ಈಗ ಮುಟ್ಟಬೇಡಿ.