ಹಾರ್ತಿರೋ ಫೈಟರ್‌ಗೆ ಇಂಧನ ತುಂಬ್ಸೋದು ಯಾಕಷ್ಟು ಕಷ್ಟ?

ಪ್ರಶ್ನೆ: ಸರ್, ತೇಜಸ್‌ಗೆ ಗಾಳಿಯಲ್ಲೇ ಪೆಟ್ರೋಲ್ ತುಂಬ್ಸೋ ವಿಡಿಯೋ ನೋಡ್ದೆ. ಮುಂದಿನ ವಿಮಾನ ಪೈಪ್ ಬಿಟ್ಕೊಂಡು ನೆಟ್ಟಗೆ ಹೋಗ್ತಿರುತ್ತೆ, ಹಿಂದಿನದು ಬಂದು ಸಿಗಿಸ್ಕೊಳ್ಳುತ್ತೆ. ಇದ್ರಲ್ಲಿ ಅಂಥಾ ಕಷ್ಟ ಏನಿದೆ? ನಮ್ಮ ಚಳ್ಳಕೆರೆ ಕಡೆ ಟೆಸ್ಟ್ ಮಾಡೋ ಡ್ರೋನ್‌ಗೂ ಹಿಂಗೇ ತುಂಬ್ಸಬಹುದಾ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಅದು ಪೆಟ್ರೋಲ್ ಅಲ್ರೀ, ಸೀಮೆಎಣ್ಣೆ ಜಾತಿಗೆ ಸೇರಿದ್ದು. ಇರ್ಲಿ. ತೇಜಸ್‌ಗೆ ಮೊದಲ ಸಲ ಹಿಂಗೆ ತುಂಬ್ಸಿದ್ದು 2018ರ ಸೆಪ್ಟೆಂಬರ್‌ನಲ್ಲಿ, ಐಎಲ್-78 ಅನ್ನೋ ಟ್ಯಾಂಕರ್‌ನಿಂದ (ಇಂಧನ ಹೊತ್ಕೊಂಡು ಹಾರೋ ವಿಮಾನ), 20,000 ಅಡಿ ಮೇಲೆ, ಗಂಟೆಗೆ ಸುಮಾರು 500 ಕಿ.ಮೀ. ಸ್ಪೀಡಲ್ಲಿ, 1,900 ಕೆಜಿ. ಅದಕ್ಕೂ ಮುಂಚೆ ಒಂದು ಹನಿನೂ ತುಂಬ್ಸದೆ ಬರೀ ಸಿಗಿಸಿ ಬಿಡಿಸಿ ಪ್ರಾಕ್ಟೀಸ್ ಮಾಡಿದ್ರು ಅಂದ್ರೆ ಲೆಕ್ಕ ಹಾಕ್ಕೊಳ್ಳಿ.

ಪೈಪಿನ ತುದೀಲಿ ಒಂದು ಬುಟ್ಟಿ ಇರುತ್ತೆ, ಫೈಟರ್ ಮೂತಿ ಹತ್ರ ಪ್ರೋಬ್ ಅನ್ನೋ ಕೊಳವೆ. ವಿಡಿಯೋದಲ್ಲಿ ಕಾಣದೇ ಇರೋದು ಏನಂದ್ರೆ ಆ ಬುಟ್ಟಿನ ದೂರ ತಳ್ಳೋದು ಫೈಟರ್ರೇ. ದಾವಣಗೆರೆ ಹೈವೇಲಿ ಬೈಕಲ್ಲಿ ಹೋಗೋವಾಗ ದೊಡ್ಡ ಲಾರಿ ಪಕ್ಕದಲ್ಲೇ ದಾಟಿದ್ರೆ ಗಾಳಿ ಬೈಕನ್ನ ಆಚೆ ತಳ್ಳುತ್ತಲ್ಲ, ಹಂಗೇ ವಿಮಾನದ ಮೂತಿ ಮುಂದೆ ಒತ್ತಿಕೊಂಡು ಬರೋ ಗಾಳಿ, ಇನ್ನೇನು ಸಿಕ್ತು ಅನ್ನೋ ಹೊತ್ತಿಗೆ ಬುಟ್ಟಿನ ಪಕ್ಕಕ್ಕೆ ಸರಿಸಿಬಿಡುತ್ತೆ. ಪೈಲಟ್ ಅದನ್ನ ಅಟ್ಟಿಸ್ಕೊಂಡು ಹೋದ್ರೆ ವಿಮಾನ ಮೇಲೆ ಕೆಳಗೆ ತೂಗಾಡೋಕೆ ಶುರು. ಅದಕ್ಕೇ ಬುಟ್ಟಿ ನೋಡ್ಬೇಡ, ಟ್ಯಾಂಕರ್ ನೋಡು ಅಂತ ಕಲಿಸ್ತಾರೆ. ಟ್ಯಾಂಕರ್‌ಗಿಂತ ಬರೀ ನಡಿಗೆಯಷ್ಟು ಸ್ಪೀಡ್ ಜಾಸ್ತಿ ಇರ್ಬೇಕು. ಕಮ್ಮಿ ಆದ್ರೆ ಕೊಂಡಿ ಕೂರಲ್ಲ, ಜಾಸ್ತಿ ಆದ್ರೆ ಪೈಪು ಸಡಿಲ ಬಿದ್ದು ಅಲೆ ಥರ ಚಾಟಿ ಬೀಸಿ ಪ್ರೋಬ್ ತುದಿನೇ ಮುರಿಯುತ್ತೆ. 1982ರಲ್ಲಿ ಫಾಕ್‌ಲ್ಯಾಂಡ್ ಯುದ್ಧದಿಂದ ವಾಪಸ್ ಬರ್ತಿದ್ದ ಬ್ರಿಟನ್ನಿನ ವಲ್ಕನ್ ಬಾಂಬರ್‌ದು ಪ್ರೋಬ್ ಮುರಿದು, ಇಂಧನ ಸಿಗದೆ, ಸೀದಾ ಬ್ರೆಜಿಲ್‌ನ ರಿಯೊಗೆ ಹೋಗಿ ಇಳೀಬೇಕಾಯ್ತು.

ಸಿಗಿಸಿದ ಮೇಲೂ ಕೆಲಸ ಮುಗಿಯಲ್ಲ, ಟ್ಯಾಂಕ್ ತುಂಬ್ತಾ ತುಂಬ್ತಾ ವಿಮಾನ ಭಾರ ಆಗುತ್ತೆ, ಪವರ್ ಏರಿಸ್ತಾನೇ ಇರ್ಬೇಕು, ಟ್ಯಾಂಕರ್ ತಿರುಗಿದ್ರೆ ಇವ್ರೂ ಜೊತೇಲೇ ತಿರುಗ್ಬೇಕು, ಅದೂ ರಾತ್ರಿ, ಮೋಡದ ಮಧ್ಯೆ, ಬೇರೆ ಕಡೆ ಇಳಿಯೋಷ್ಟು ಇಂಧನ ಉಳಿದಿದೆಯಾ ಅಂತ ಒಂದು ಕಣ್ಣು ಮೀಟರ್ ಮೇಲೆ ಇಟ್ಕೊಂಡೇ. ಅಮೆರಿಕ ವಾಯುಪಡೆ ಜಾಸ್ತಿ ಬಳಸೋ ಪದ್ಧತೀಲಿ ಗಟ್ಟಿ ಕೊಳವೆನ ಟ್ಯಾಂಕರ್‌ನಲ್ಲಿ ಕೂತ ಆಪರೇಟರ್ರೇ ತಂದು ಕೂರಿಸ್ತಾರೆ, ತುಂಬೋದೂ ಬೇಗ. ಹಂಗಂತ ಅದು ಸೇಫ್ ಅನ್ಕೋಬೇಡಿ, 1966ರಲ್ಲಿ ಸ್ಪೇನ್‌ನ ಪಲೊಮಾರೆಸ್ ಮೇಲೆ ಬಿ-52 ಮತ್ತು ಟ್ಯಾಂಕರ್ ಡಿಕ್ಕಿಯಾಗಿ 7 ಜನ ಸತ್ರು, ಬಾಂಬರ್‌ನಲ್ಲಿದ್ದ 4 ಹೈಡ್ರೋಜನ್ ಬಾಂಬ್ ಕೆಳಗೆ ಬಿದ್ವು.

ಇನ್ನು ಚಳ್ಳಕೆರೆ ಡ್ರೋನ್. ಅಲ್ಲಿ ಹಾರಿಸಿದ ತಪಸ್ ಥರದ್ದು ಪ್ರೊಪೆಲರ್ ಇರೋದು, ನಿಧಾನಕ್ಕೆ ಹಾರಿ ತುಂಬಾ ಹೊತ್ತು ಮೇಲಿರೋಕೇ ಮಾಡಿದ್ದು, ಜೆಟ್ ಟ್ಯಾಂಕರ್ ಸ್ಪೀಡಿನ ಹತ್ರಕ್ಕೂ ಬರಲ್ಲ. ಜೆಟ್ ಡ್ರೋನ್ ಆದ್ರೆ ಆಗುತ್ತೆ. 2015ರಲ್ಲಿ ಅಮೆರಿಕದ ಎಕ್ಸ್-47ಬಿ ಪೈಲಟ್ ಇಲ್ದೇನೇ ಬುಟ್ಟಿ ಹಿಡಿದು ತುಂಬ್ಸ್ಕೊಂಡಿದೆ, 2021ರಲ್ಲಂತೂ ಎಂಕ್ಯೂ-25 ಅನ್ನೋ ಡ್ರೋನೇ ಟ್ಯಾಂಕರ್ ಆಗಿ ಫೈಟರ್‌ಗೆ ಕೊಟ್ಟಿದೆ.