ಮೇಳದ ಟ್ರೇಲರಿನಲ್ಲಿ ಗಿಡ್ಡ ಕುದುರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ಮೇಳವೊಂದರಲ್ಲಿ ‘ಜಗತ್ತಿನ ಅತಿ ಚಿಕ್ಕ ಕುದುರೆ’ ಎಂದು ಬರೆದ ಟ್ರೇಲರ್ ನಿಂತಿತ್ತು. ಧ್ವನಿವರ್ಧಕದಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು. ಟಿಕೆಟ್ ಕೊಂಡು ಮೆಟ್ಟಿಲು ಹತ್ತಿದರೆ ಕೆಳಗೆ ಗಿಡ್ಡ ಕುದುರೆಯೊಂದು ಹುಲ್ಲು ತಿನ್ನುತ್ತಿತ್ತು. ಅದು ನಿಜವಾಗಿಯೂ ದಾಖಲೆಯ ಕುದುರೆಯೇ? (ಅಮೆರಿಕದಲ್ಲಿ ನೆಲೆಸಿರುವ ಓದುಗರು)

ಉತ್ತರ: ಬಹುಶಃ ಅಲ್ಲ. 2001ರಲ್ಲಿ ಮಿಸೌರಿಯಲ್ಲಿ ಹುಟ್ಟಿದ ಥಂಬಲೀನಾ ಎಂಬ ಹೆಣ್ಣು ಕುದುರೆ 2006ರಲ್ಲಿ ಗಿನ್ನೆಸ್ ದಾಖಲೆ ಸೇರಿತು. ಅದರ ಎತ್ತರ 44.5 ಸೆಂಟಿಮೀಟರ್, ತೂಕ ಸುಮಾರು 26 ಕಿಲೋ. ಅದು 2018ರಲ್ಲಿ ತೀರಿಕೊಂಡಿತು. ಮೇಳಗಳ ಟ್ರೇಲರಿನಲ್ಲಿ ಸಾಮಾನ್ಯವಾಗಿ ಇರುವುದು ಮಿನಿಯೇಚರ್ ಜಾತಿಯ ಕುದುರೆ. ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ ಪ್ರಕಾರ ಇವುಗಳ ಎತ್ತರ 34 ಇಂಚು, ಅಂದರೆ 86 ಸೆಂಟಿಮೀಟರ್ ದಾಟಬಾರದು. ಬೇರೆ ಕುದುರೆಗಳನ್ನು ಹೆಗಲ ದಿಬ್ಬದ ತುದಿಗೆ ಅಳೆದರೆ ಇವನ್ನು ಕತ್ತಿನ ಕೂದಲು ಮುಗಿಯುವ ಜಾಗದಲ್ಲಿ ಅಳೆಯುತ್ತಾರೆ.

ಕಣ್ಣಿಗೆ ಇನ್ನೂ ಚಿಕ್ಕದಾಗಿ ಕಾಣುವಂತೆ ಮಾಡುವುದು ಟ್ರೇಲರಿನ ರಚನೆ. ನೋಡುವವರ ಹಲಗೆ ಎತ್ತರದಲ್ಲಿ, ಕುದುರೆಯ ನೆಲ ತಗ್ಗಿನಲ್ಲಿ. ಮೇಲಿನಿಂದ ನೋಡುವಾಗ ಕಾಲಿನ ಉದ್ದ ತಿಳಿಯುವುದಿಲ್ಲ, ಬೆನ್ನಷ್ಟೇ ಕಾಣುತ್ತದೆ. ಹೋಲಿಸಿ ನೋಡಲು ಪಕ್ಕದಲ್ಲಿ ಏನನ್ನೂ ಇಟ್ಟಿರುವುದಿಲ್ಲ. ಒಳಗೆ ಮಾಮೂಲಿ ನೀರಿನ ಬಕೆಟ್ ಇದ್ದರೆ ಕುದುರೆಯ ಬೆನ್ನು ಅದರ ಎಷ್ಟು ಪಟ್ಟು ಎತ್ತರದಲ್ಲಿದೆ ನೋಡಿ, ಅಂದಾಜು ಸಿಗುತ್ತದೆ.

ಪ್ರಶ್ನೆ: ಕೆಲವು ಕುದುರೆಗಳಿಗೆ ಹಣೆ ಉಬ್ಬಿರುತ್ತದೆ, ಕಾಲು ಸೊಟ್ಟಗಿರುತ್ತದೆ. ಅದೂ ಇದೇ ಜಾತಿಯೇ? (ಶಿವಮೊಗ್ಗ)

ಉತ್ತರ: ಜಾತಿ ಅದೇ, ಆದರೆ ಅದು ಕುಬ್ಜತೆಯೊಂದಿಗೆ ಹುಟ್ಟಿದ ಮರಿ. ಒಳ್ಳೆಯ ಮಿನಿಯೇಚರ್ ಕುದುರೆ ದೊಡ್ಡ ಕುದುರೆಯ ಮೈಕಟ್ಟನ್ನೇ ಸಣ್ಣದಾಗಿ ಪಡೆದಿರುತ್ತದೆ. ಕುಬ್ಜದಲ್ಲಿ ತಲೆ ದೊಡ್ಡದು, ಕೆಳದವಡೆ ಮುಂದಕ್ಕೆ, ಹೊಟ್ಟೆ ಜೋಲು, ಕೀಲುಗಳು ಓರೆ. ಥಂಬಲೀನಾ ಕೂಡ ಕುಬ್ಜವೇ. ಎಸಿಎಎನ್ ಎಂಬ ವಂಶವಾಹಿಯಲ್ಲಿ ಇದಕ್ಕೆ ಕಾರಣವಾಗುವ ನಾಲ್ಕು ಬದಲಾವಣೆಗಳನ್ನು ಗುರುತಿಸಿದ್ದಾರೆ. ಇಂಥ ಬದಲಾವಣೆಯ ಒಂದೇ ಪ್ರತಿ ಹೊತ್ತ ತಂದೆತಾಯಿ ನೋಡಲು ಸರಿಯಾಗಿಯೇ ಇರುತ್ತವೆ. ಅಂಥ ಎರಡನ್ನು ಕೂಡಿಸಿದರೆ ಪ್ರತಿ ಬಸಿರಿನಲ್ಲೂ ದೋಷ ಇಬ್ಬದಿಯಿಂದ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬುಡಸಮೇತ ಕಿತ್ತ ಕೂದಲಿನಿಂದ ಇದನ್ನು ಮೊದಲೇ ಪರೀಕ್ಷಿಸಬಹುದು. ಜನ ಸೇರುತ್ತಾರೆಂದು ಬೇಕೆಂದೇ ಕುಬ್ಜ ಮರಿ ಹುಟ್ಟಿಸುವುದು ಕ್ರೌರ್ಯ. ಆ ಮರಿಗೆ ಹಲ್ಲುಗಳು ಒಂದಕ್ಕೊಂದು ಕೂಡುವುದಿಲ್ಲ, ಹುಲ್ಲು ನುರಿಯದೆ ಕರುಳಿನಲ್ಲಿ ಗಂಟು ಕಟ್ಟುತ್ತದೆ, ನಿಂತಷ್ಟು ಹೊತ್ತೂ ಕೀಲು ನೋಯುತ್ತದೆ.

ಪ್ರಶ್ನೆ: ಊರಿಂದೂರಿಗೆ ತಿರುಗುವ ಇಂಥ ಕುದುರೆಯ ಆರೈಕೆಯಲ್ಲಿ ಮುಖ್ಯವಾಗಿ ಏನು ತಪ್ಪುತ್ತದೆ? (ಮೈಸೂರು)

ಉತ್ತರ: ಮೇವು. ಕುದುರೆಯ ಜಠರದಲ್ಲಿ ಆಮ್ಲ ಇಡೀ ದಿನ ಜಿನುಗುತ್ತಲೇ ಇರುತ್ತದೆ. ಗಂಟೆಗಟ್ಟಲೆ ಖಾಲಿ ಬಿಟ್ಟರೆ ಹುಣ್ಣಾಗುತ್ತದೆ. ನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಒಂದೂವರೆಯಿಂದ ಎರಡು ಕಿಲೋ ಒಣಹುಲ್ಲು ಬೇಕು. ಅದನ್ನು ನಾಲ್ಕೈದು ಪಾಲು ಮಾಡಿ, ರಾತ್ರಿಗೂ ಒಂದು ಪಾಲು ಉಳಿಸಬೇಕು. ಬಲೆಚೀಲದಲ್ಲಿ ಹಾಕುವುದಾದರೆ ಕಣ್ಣು ಸಣ್ಣದಿರಲಿ. ದೊಡ್ಡ ಕಣ್ಣಿನ ಬಲೆಯಲ್ಲಿ ಈ ಪುಟ್ಟ ಗೊರಸು ಸಿಕ್ಕಿಕೊಂಡು ಕಾಲು ಮುರಿದೀತು. ಬಂದವರೆಲ್ಲ ಬ್ರೆಡ್ಡು, ಕ್ಯಾರೆಟ್ ಕೊಡುತ್ತಾ ಹೋದರೆ ಬೊಜ್ಜು ಬಂದು, ಲ್ಯಾಮಿನೈಟಿಸ್ ಎಂಬ ಗೊರಸಿನ ಉರಿಯೂತ ಹತ್ತುತ್ತದೆ. ಮುಂಗಾಲಿಗೆ ಭಾರ ಬೀಳದಂತೆ ಹಿಂದಕ್ಕೆ ಒರಗಿ ನಿಲ್ಲುವುದು, ಗೊರಸು ಬಿಸಿಯಾಗಿರುವುದು ಅದರ ಗುರುತು. ಕೂದಲು ದಟ್ಟವಾಗಿರುವುದರಿಂದ ಸೊರಗಿದ್ದೂ ಬೊಜ್ಜೂ ಕಣ್ಣಿಗೆ ಕಾಣುವುದಿಲ್ಲ. ವಾರಕ್ಕೊಮ್ಮೆ ಪಕ್ಕೆಲುಬಿನ ಮೇಲೆ ಬೆರಳೊತ್ತಿ ನೋಡಬೇಕು.

ಬೊಜ್ಜಿದೆಯೆಂದು ಉಪವಾಸ ಕೆಡವುವುದಂತೂ ಇನ್ನೂ ಅಪಾಯ. ಪ್ರಯಾಣದ ಒತ್ತಡದಲ್ಲಿ ಮೇವು ಬಿಟ್ಟ ಗಿಡ್ಡ ಕುದುರೆಯ ಮೈಯ ಕೊಬ್ಬು ಕರಗಿ ರಕ್ತಕ್ಕೆ ನುಗ್ಗುತ್ತದೆ, ಯಕೃತ್ತು ಕೆಡುತ್ತದೆ. ಆಗ ತೆಗೆದ ರಕ್ತವನ್ನು ಕೊಳವೆಯಲ್ಲಿ ನಿಲ್ಲಿಸಿದರೆ ಮೇಲಿನ ತಿಳಿಭಾಗ ಹಾಲಿನಂತೆ ಬೆಳ್ಳಗಿರುತ್ತದೆ. ದೊಡ್ಡ ಕುದುರೆಗಿಂತ ಪೋನಿ, ಕತ್ತೆ ಮತ್ತು ಮಿನಿಯೇಚರ್ ಕುದುರೆಗಳಿಗೆ ಈ ಕಾಯಿಲೆ ಹೆಚ್ಚು. ಒಂದು ದಿನ ಮೇವು ಮುಟ್ಟದಿದ್ದರೆ ಪಶುವೈದ್ಯರನ್ನು ಕರೆಸಲೇಬೇಕು, ನಾಳೆ ನೋಡೋಣ ಎನ್ನುವಂತಿಲ್ಲ.

ನೀರೂ ಅಷ್ಟೇ ಮುಖ್ಯ. ತಂಪು ದಿನ ಐದಾರು ಲೀಟರ್, ಸೆಕೆಯಲ್ಲಿ ಅದರ ಎರಡರಷ್ಟು. ಹೊಸ ಊರಿನ ನೀರಿನ ವಾಸನೆ ಹಿಡಿಸದೆ ಕುಡಿಯುವುದನ್ನೇ ಬಿಡುವುದುಂಟು. ಹಿಂದಿನ ಊರಿನಿಂದ ಒಂದು ಕ್ಯಾನ್ ತಂದು ಬೆರೆಸುತ್ತಾ ಹೋದರೆ ಒಗ್ಗುತ್ತದೆ. ಬಕೆಟ್ಟನ್ನು ಅದರ ಎದೆಯ ಮಟ್ಟಕ್ಕಿಂತ ಮೇಲೆ ಕಟ್ಟಬಾರದು.

ಬಿಸಿಲು ಎಷ್ಟಾದರೆ ಅಪಾಯ ಎಂದು ತಿಳಿಯಲು ಅಮೆರಿಕದವರು ಫ್ಯಾರನ್‌ಹೀಟ್ ಉಷ್ಣಾಂಶಕ್ಕೆ ತೇವಾಂಶದ ಶೇಕಡಾವಾರು ಕೂಡಿಸುತ್ತಾರೆ. 90 ಡಿಗ್ರಿ, 70 ಶೇಕಡಾ ಆದರೆ 160. ಮೊತ್ತ 150 ದಾಟಿದರೆ ಬೆವರಿನಿಂದ ಮೈ ತಣಿಯುವುದು ಕಷ್ಟ, 180 ದಾಟಿದರೆ ಪ್ರದರ್ಶನ ನಿಲ್ಲಿಸಬೇಕು. ಥರ್ಮಾಮೀಟರನ್ನು ತೂಗುಹಾಕಬೇಕಾದದ್ದು ಬಾಗಿಲಲ್ಲಲ್ಲ, ಕುದುರೆ ನಿಲ್ಲುವ ತಗ್ಗಿನಲ್ಲಿ. ಗಾಳಿಯಾಡದ ಜಾಗ ಅದೇ. ನೆಲಕ್ಕೆ ರಬ್ಬರ್ ಹಾಸು, ಅದರ ಮೇಲೆ ಹುಲ್ಲಿನ ದಪ್ಪ ಪದರ. ಗೊರಸು ಕತ್ತರಿಸುವುದು ಆರರಿಂದ ಎಂಟು ವಾರಕ್ಕೊಮ್ಮೆ. ಜನ ಕಾಣದ, ಸದ್ದು ಮುಟ್ಟದ ಒಂದು ಮೂಲೆ ಮತ್ತು ದಿನವೂ ಹೊರಗೆ ಓಡಾಡಲು ಹೊತ್ತು ಇಲ್ಲದ ಟ್ರೇಲರಿಗೆ ಟಿಕೆಟ್ ಕೊಳ್ಳಬೇಡಿ.

ಪ್ರಶ್ನೆ: ಜಂತುಹುಳುವಿನ ಔಷಧಿ, ಲಸಿಕೆ ಎರಡನ್ನೂ ಗಾತ್ರಕ್ಕೆ ತಕ್ಕಂತೆ ಕಡಿಮೆ ಮಾಡಬೇಕೆ? (ಹುಬ್ಬಳ್ಳಿ)

ಉತ್ತರ: ಲಸಿಕೆಯನ್ನು ಕಡಿಮೆ ಮಾಡುವಂತಿಲ್ಲ, ಪೂರ್ತಿ ಡೋಸೇ. ಜಂತುಹುಳುವಿನ ಔಷಧಿ ಮಾತ್ರ ತೂಕ ನೋಡಿಯೇ ಕೊಡಬೇಕು. ದೊಡ್ಡ ಕುದುರೆಗೆಂದು ಮಾಡಿದ ಪೇಸ್ಟಿನ ಟ್ಯೂಬು ಐನೂರಕ್ಕೂ ಹೆಚ್ಚು ಕಿಲೋ ತೂಕಕ್ಕೆ ಸಾಕಾಗುವಷ್ಟಿರುತ್ತದೆ. ಮಾಕ್ಸಿಡೆಕ್ಟಿನ್ ಎಂಬ ಜಂತುಹುಳುವಿನ ಔಷಧಿ ಹೆಚ್ಚಾದರೆ ಗಿಡ್ಡ ಕುದುರೆ ಪ್ರಜ್ಞೆ ತಪ್ಪಿ ಬೀಳಬಹುದು.

ಪ್ರಶ್ನೆ: ಮಕ್ಕಳನ್ನು ಮೇಲೆ ಕೂರಿಸಬಹುದೆ? (ತುಮಕೂರು)

ಉತ್ತರ: ಬೇಡ. ಕುದುರೆ ತನ್ನ ತೂಕದ ಐದನೇ ಒಂದರಷ್ಟನ್ನು ಹೊರಬಲ್ಲದು ಎಂಬುದು ರೂಢಿಯ ಲೆಕ್ಕ. ನೂರು ಕಿಲೋದ್ದಕ್ಕೆ ಜೀನು ಸೇರಿ 20 ಕಿಲೋ. ಶಾಲೆಗೆ ಹೋಗುವ ಮಗು ಆ ಲೆಕ್ಕ ದಾಟುತ್ತದೆ.

ಪ್ರಶ್ನೆ: ನಮ್ಮ ಜಾತ್ರೆಯಲ್ಲಿ ಟಿಕೆಟ್ ಇಟ್ಟು ತೋರಿಸಲು ಅನುಮತಿ ಬೇಕೆ? ಅಮೆರಿಕದಲ್ಲಿ ಹೇಗೆ? (ದಾವಣಗೆರೆ)

ಉತ್ತರ: ಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳ ಪ್ರಕಾರ, ಟಿಕೆಟ್ ಮಾರಿ ಮನರಂಜನೆಗೆ ತೋರಿಸುವ ಪ್ರಾಣಿಯನ್ನು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಇಲ್ಲಿ ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್ ಎಂಬ ಸಾಂಕ್ರಾಮಿಕ ರೋಗದ ಭಯವೂ ಇದೆ. ಅದು ಮನುಷ್ಯರಿಗೂ ಹರಡುತ್ತದೆ, ಆದ್ದರಿಂದ ಬೇರೆ ಕಡೆಯ ಕುದುರೆಯನ್ನು ರಕ್ತಪರೀಕ್ಷೆ ಮಾಡಿಸದೆ ತರಬೇಡಿ. ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ಸಂಶೋಧನೆಗೆ ಬಳಸದ ಕುದುರೆಗಳು ಸೇರುವುದೇ ಇಲ್ಲ, ಹಾಗಾಗಿ ಅಲ್ಲಿ ರಾಜ್ಯಗಳ ನಿಯಮವೇ ಆಧಾರ. ರಾಜ್ಯ ದಾಟಲು ಸಾಮಾನ್ಯವಾಗಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರವನ್ನೂ, ಕುದುರೆಯ ಸಾಂಕ್ರಾಮಿಕ ರಕ್ತಹೀನತೆಗೆ ಮಾಡುವ ಕಾಗಿನ್ಸ್ ಪರೀಕ್ಷೆಯ ವರದಿಯನ್ನೂ ಕೇಳುತ್ತಾರೆ.

ಪ್ರಶ್ನೆ: ಮುಟ್ಟಿದ ಮೇಲೆ ಸ್ಯಾನಿಟೈಸರ್ ಸಾಕೆ? (ಮಂಗಳೂರು)

ಉತ್ತರ: ಲದ್ದಿ, ಧೂಳು ಅಂಟಿದ ಕೈಗೆ ಅದು ಸಾಲದು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಬೇಕು. 2004ರಲ್ಲಿ ನಾರ್ತ್ ಕೆರೊಲಿನಾದ ರಾಜ್ಯ ಮೇಳದಲ್ಲಿ, ಮಕ್ಕಳು ಆಡು-ಕುರಿಗಳನ್ನು ಮುಟ್ಟಿ ಆಡುವ ಅಂಗಳದಿಂದ ಇ. ಕೋಲಿ ಸೋಂಕು ಹರಡಿ ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನಲ್ಲಿಯನ್ನು ಪ್ರಾಣಿಗಳ ಅಂಗಳದಿಂದ ಹೊರಬರುವ ದಾರಿಯಲ್ಲೇ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಇಡಬೇಕು. ತಿಂಡಿ ಅಂಗಡಿ ಅದರ ಆಚೆಗಿರಲಿ.